ದೂರದ ದ್ವೀಪವೊಂದರ ಪರಿಸರ ಚರಿತ್ರೆಯನ್ನು ಬರೆಯುವ ಬಗೆ: ಗೋವಾದ ಕನ್ನಡಿಗರಿಗೊಂದು ಕೈಪಿಡಿ

ಮನುಷ್ಯರು ಬಂದು ನೆಲೆಸಿದ ಮೇಲೆ ದೂರದ ದ್ವೀಪಗಳ ಗಿಡಮರ, ಪ್ರಾಣಿಪಕ್ಷಿ, ಮಣ್ಣು, ನೀರು ಹೇಗೆ ಬದಲಾದವು ಎಂಬುದನ್ನು ಕುರಿತು ಕನ್ನಡದಲ್ಲಿ ಗಟ್ಟಿಯಾದ ಬರಹವೊಂದನ್ನು ಸಿದ್ಧಪಡಿಸಲು ಬಯಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದು ಶಾಲೆಯ ಪ್ರಾಜೆಕ್ಟ್ ಆಗಿರಬಹುದು, ಕನ್ನಡ ಸಂಘದ ಸಭೆಯಲ್ಲಿ ಓದುವ ಪ್ರಬಂಧವಾಗಿರಬಹುದು, ಪತ್ರಿಕೆಗೆ ಕಳುಹಿಸುವ ಲೇಖನವಾಗಿರಬಹುದು. ವಾಸ್ಕೊ, ಮಡಗಾಂವ್, ಮಾಪುಸಾ, ಫೋಂಡಾಗಳಲ್ಲಿ ನೆಲೆಸಿರುವ ನಮಗೆ ಈ ವಿಷಯ ಬಹಳ ದೂರದ್ದೆಂದು ತೋರುವುದು ಸಹಜ. ಆದರೆ 16ನೇ ಶತಮಾನದಲ್ಲಿ ಗೋವಾಕ್ಕೂ ಲಿಸ್ಬನ್ನಿಗೂ ನಡುವೆ ಓಡಾಡುತ್ತಿದ್ದ ಪೋರ್ಚುಗೀಸ್ ಹಡಗುಗಳ ದಾರಿಯಲ್ಲಿಯೇ ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳ ಹಲವು ನಿರ್ಜನ ದ್ವೀಪಗಳು ಮನುಷ್ಯನ ಕಣ್ಣಿಗೆ ಬಿದ್ದವು. ಆ ದಾರಿಯ ಒಂದು ತುದಿ ಇಲ್ಲಿಯ ಮಾಂಡವಿ ನದಿಯ ದಡದಲ್ಲಿದೆ. ಹೀಗಾಗಿ ಈ ಚರಿತ್ರೆಯ ಕೆಲವು ಪುಟಗಳು ನಾವು ದಿನವೂ ಬಸ್ಸಿನಲ್ಲಿ ದಾಟುವ ಊರುಗಳಲ್ಲಿಯೇ ತೆರೆದುಕೊಳ್ಳುತ್ತವೆ.

ಈ ವಿಷಯದ ಬರಹಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಕೊರತೆ ಒಂದೇ: ‘ಮನುಷ್ಯ ಬಂದ, ಕಾಡು ಹೋಯಿತು’ ಎಂಬಲ್ಲಿಗೆ ಮಾತು ಮುಗಿದುಬಿಡುತ್ತದೆ. ಆ ವಾಕ್ಯ ಸುಳ್ಳಲ್ಲ, ಆದರೆ ಅದರಿಂದ ಓದುಗನಿಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಯಾವ ಮನುಷ್ಯರು, ಯಾವ ವರ್ಷ, ಏನನ್ನು ಹುಡುಕಿಕೊಂಡು ಬಂದರು, ಅವರ ಜೊತೆ ಯಾವ ಪ್ರಾಣಿ ಇಳಿಯಿತು, ಮೊದಲು ಅಳಿದದ್ದು ಯಾವುದು, ಅಳಿಯಲು ಎಷ್ಟು ಕಾಲ ಹಿಡಿಯಿತು ಎಂಬ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹುಡುಕುತ್ತ ಹೋದಾಗ ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇರುವ ಕಾಲದ ಅಂತರ ಕಾಣಿಸತೊಡಗುತ್ತದೆ. ನನ್ನ ದೃಷ್ಟಿಯಲ್ಲಿ ಆ ಅಂತರವೇ ಈ ವಿಷಯದ ತಿರುಳು. ನಿಮ್ಮ ಬರಹ ಅದನ್ನು ತೋರಿಸಿಕೊಟ್ಟರೆ ಸಾಕು.

ದ್ವೀಪದ ಆಯ್ಕೆ

ಒಂದೇ ದ್ವೀಪವನ್ನು ಆರಿಸಿಕೊಳ್ಳಿ. ಹತ್ತು ದ್ವೀಪಗಳ ಬಗ್ಗೆ ಎರಡೆರಡು ಸಾಲು ಬರೆಯುವುದಕ್ಕಿಂತ ಒಂದರ ಬಗ್ಗೆ ಹತ್ತು ಪುಟ ಬರೆಯುವುದು ಮೇಲು. ಮೊದಲ ಬಾರಿಗೆ ಬರೆಯುವವರು ಮೂರು ಲಕ್ಷಣಗಳಿರುವ ದ್ವೀಪವನ್ನು ಹುಡುಕಬೇಕು: ಅದು ಭೂಖಂಡದಿಂದ ಬಹುದೂರ ಇರಬೇಕು, ಹಡಗು ಬರುವ ಮುಂಚೆ ಅಲ್ಲಿ ಜನವಸತಿ ಇದ್ದಿರಬಾರದು, ಮೊದಲ ಬಾರಿ ಕಾಲಿಟ್ಟವರ ಬಗ್ಗೆ ಬರವಣಿಗೆಯ ದಾಖಲೆ ಇರಬೇಕು. ಹಿಂದೂ ಮಹಾಸಾಗರದ ಮಾರಿಷಸ್, ಅಟ್ಲಾಂಟಿಕ್ ಸಾಗರದ ಅಸೆನ್ಷನ್ ಮತ್ತು ಸೇಂಟ್ ಹೆಲೆನಾಗಳಿಗೆ ಈ ಮೂರೂ ಲಕ್ಷಣಗಳಿವೆ. ಅಂಡಮಾನ್ ಅಥವಾ ರಾಪಾ ನುಯಿ, ಎಂದರೆ ಈಸ್ಟರ್ ದ್ವೀಪ, ಮೊದಲ ಅಭ್ಯಾಸಕ್ಕೆ ತಕ್ಕವಲ್ಲ. ಅಲ್ಲಿ ಬರಹ ಬರುವ ಬಹಳ ಮುಂಚಿನಿಂದಲೂ ಜನರು ಬಾಳಿದ್ದರಿಂದ, ಅವರ ಕಾಲದ ಬದಲಾವಣೆಯನ್ನು ಮಣ್ಣು ಮತ್ತು ಮೂಳೆಗಳಿಂದಲೇ ತಿಳಿಯಬೇಕಾಗುತ್ತದೆ.

ನನ್ನ ಸಲಹೆ ಸೇಂಟ್ ಹೆಲೆನಾ. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಆಫ್ರಿಕಾದ ತೀರದಿಂದ ಸುಮಾರು 1,900 ಕಿ.ಮೀ. ದೂರದಲ್ಲಿರುವ ಈ ದ್ವೀಪದ ವಿಸ್ತೀರ್ಣ 122 ಚದರ ಕಿ.ಮೀ. ಮಾತ್ರ, ನಮ್ಮ ಬಾರ್ದೇಶ ತಾಲ್ಲೂಕು ಅದಕ್ಕಿಂತ ದೊಡ್ಡದು. ಇಷ್ಟು ಚಿಕ್ಕ ನೆಲದಲ್ಲಿ ಪ್ರಪಂಚದ ಬೇರೆಲ್ಲೂ ಇಲ್ಲದ 500ಕ್ಕೂ ಹೆಚ್ಚು ಜೀವಿಗಳಿವೆ, ಅವುಗಳಲ್ಲಿ ಹೆಚ್ಚಿನವು ಕೀಟಗಳಂತಹ ಸಣ್ಣ ಜೀವಿಗಳು. ಈ ಕೈಪಿಡಿಯಲ್ಲಿ ಮಾದರಿಯಾಗಿ ಇದನ್ನೇ ಇಟ್ಟುಕೊಂಡು, ಬೇಕಾದಲ್ಲಿ ಬೇರೆ ದ್ವೀಪಗಳ ಕಡೆಗೆ ಹೊರಳುತ್ತೇನೆ.

ಮನುಷ್ಯ ಬರುವ ಮುಂಚಿನ ಚಿತ್ರ

ಬದಲಾವಣೆಯನ್ನು ವಿವರಿಸುವ ಮುಂಚೆ, ಬದಲಾಗುವ ಮುಂಚೆ ಅಲ್ಲಿ ಏನಿತ್ತು ಎಂಬುದನ್ನು ಕನಿಷ್ಠ ಒಂದು ಪುಟದಷ್ಟು ಬರೆಯಿರಿ. ಸಮುದ್ರದ ತಳದಿಂದ ಜ್ವಾಲಾಮುಖಿಯಾಗಿ ಮೇಲೆದ್ದ ದ್ವೀಪಕ್ಕೆ ಗಾಳಿಯಲ್ಲಿ ತೇಲಿದ ಬೀಜ, ಅಲೆಯ ಮೇಲೆ ಬಂದ ಕೊರಡು, ಹಕ್ಕಿಯ ಕಾಲಿಗೆ ಅಂಟಿದ ಕಾಳು, ಇಂಥವುಗಳಿಂದಲೇ ಜೀವ ಬರಬೇಕು. ನೆಲದ ಮೇಲೆ ನಡೆಯುವ ಸಸ್ತನಿಗಳು ಅಷ್ಟು ದೂರ ಈಜಿ ತಲುಪಲಾರವು. ಮೇಯುವ ಬಾಯಿ ಇಲ್ಲದ ಕಡೆ ಗಿಡಗಳು ಮುಳ್ಳನ್ನೂ ಕಹಿಯನ್ನೂ ಬೆಳೆಸಿಕೊಳ್ಳಬೇಕಾದ ಅಗತ್ಯ ಕಡಿಮೆ. ಬೇಟೆಯಾಡುವ ಪ್ರಾಣಿ ಇಲ್ಲದ ಕಡೆ ಹಕ್ಕಿ ಹಾರುವ ಶ್ರಮವನ್ನು ಬಿಟ್ಟು ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಮಾರಿಷಸ್ಸಿನ ಡೋಡೊ ಪಾರಿವಾಳದ ಬಳಗಕ್ಕೆ ಸೇರಿದ ಹಕ್ಕಿಯಾಗಿದ್ದರೂ ಹಾರಲಾರದಂತಾದದ್ದು ಹೀಗೆ. ಅದನ್ನು ಪೆದ್ದು ಹಕ್ಕಿ ಎಂದು ಕರೆಯುವ ಬರಹಗಳನ್ನು ನಂಬಬೇಡಿ. ಸಾವಿರಾರು ವರ್ಷ ಶತ್ರುವಿಲ್ಲದೆ ಬದುಕಿದ ಜೀವಿಗೆ ಹೆದರಿಕೆ ಕಲಿಸುವವರು ಯಾರೂ ಇರಲಿಲ್ಲ.

ಈ ಚಿತ್ರಕ್ಕೆ ಸಾಕ್ಷ್ಯ ಎಲ್ಲಿಂದ ಸಿಗುತ್ತದೆ ಎಂಬುದನ್ನು ಪ್ರತಿ ಸಂಗತಿಯ ಪಕ್ಕದಲ್ಲಿ ಗುರುತು ಮಾಡಿಕೊಳ್ಳುವ ಅಭ್ಯಾಸ ಇರಲಿ. ಜೌಗು ನೆಲದ ಕೆಸರಿನಲ್ಲಿ ಪದರ ಪದರವಾಗಿ ಉಳಿದ ಪರಾಗದ ಕಣಗಳು ಯಾವ ಕಾಲದಲ್ಲಿ ಯಾವ ಮರವಿತ್ತು ಎಂದು ಹೇಳುತ್ತವೆ. ಮಾರಿಷಸ್ಸಿನ ಮಾರ್ ಓ ಸೋಂಜ್ ಎಂಬ ಜೌಗಿನಲ್ಲಿ 1865ರಲ್ಲಿ ಸಿಕ್ಕ ಮೂಳೆಗಳಿಂದಲೇ ಡೋಡೊದ ದೇಹರಚನೆ ಸರಿಯಾಗಿ ತಿಳಿದದ್ದು. ನ್ಯೂಜಿಲೆಂಡಿನಲ್ಲಿ ಇಲಿಗಳು ಕಡಿದು ಬಿಟ್ಟ ಬೀಜದ ಸಿಪ್ಪೆಗಳ ವಯಸ್ಸನ್ನು ರೇಡಿಯೋಕಾರ್ಬನ್ ಪರೀಕ್ಷೆಯಿಂದ ಅಳೆದು, ಅವು ಸುಮಾರು 1280ರ ಬಳಿಕದವೆಂದು ಕಂಡುಕೊಂಡರು. ಇಲಿ ಮನುಷ್ಯನ ದೋಣಿಯಿಲ್ಲದೆ ಅಲ್ಲಿಗೆ ಬರುವ ಹಾಗಿರಲಿಲ್ಲವಾದ್ದರಿಂದ, ಪಾಲಿನೇಷ್ಯನ್ನರು ಬಂದಿಳಿದ ಕಾಲಕ್ಕೂ ಅದೇ ಸಾಕ್ಷಿಯಾಯಿತು. ನನಗೆ ಈ ಶೋಧ ಬಹಳ ಇಷ್ಟ. ಅರಸರ ಶಾಸನವೂ ಇಲ್ಲದ, ಪ್ರವಾಸಿಗರ ಬರಹವೂ ಇಲ್ಲದ ನೆಲದ ಚರಿತ್ರೆಯನ್ನು ಬೀಜದ ಸಿಪ್ಪೆಯೊಂದು ಇಷ್ಟು ನಿಖರವಾಗಿ ಹೇಳುತ್ತದೆ.

ಹಡಗಿನ ದಾರಿ, ಕುಡಿಯುವ ನೀರು, ಆಡು

ಮುಂದಿನ ಕೆಲಸ ಕಾಲಾನುಕ್ರಮದ ಪಟ್ಟಿ. ಉದ್ದನೆಯ ಹಾಳೆಯೊಂದರಲ್ಲಿ ಎಡಗಡೆ ವರ್ಷಗಳನ್ನು ಬರೆದು, ಬಲಗಡೆ ನಾಲ್ಕು ಅಂಕಣಗಳನ್ನು ಎಳೆಯಿರಿ: ಜನರು ತಂದದ್ದು, ಒಯ್ದದ್ದು, ಕಡಿದದ್ದು ಅಥವಾ ಸುಟ್ಟದ್ದು, ಮತ್ತು ಕಣ್ಮರೆಯಾದದ್ದು. ನಾಲ್ಕನೆಯದನ್ನು ಮೊದಲ ಮೂರರಿಂದ ಬೇರೆಯಾಗಿ ಇಡುವುದು ಬಹಳ ಮುಖ್ಯ, ಯಾಕೆಂದರೆ ಅದರಲ್ಲಿ ತುಂಬುವ ವರ್ಷಗಳು ಉಳಿದ ಅಂಕಣಗಳ ವರ್ಷಗಳಿಗಿಂತ ಬಹಳ ಕೆಳಗೆ ಬಂದು ನಿಲ್ಲುತ್ತವೆ.

ಸೇಂಟ್ ಹೆಲೆನಾದ ಪಟ್ಟಿ 1502ರಿಂದ ಆರಂಭವಾಗುತ್ತದೆ. ಭಾರತದ ಪಶ್ಚಿಮ ತೀರದಿಂದ ಮರಳುತ್ತಿದ್ದ ಜೊವಾವ್ ದ ನೊವಾ ಎಂಬ ಪೋರ್ಚುಗೀಸ್ ನಾವಿಕ ಆ ವರ್ಷ ಅದನ್ನು ಕಂಡನೆಂದು ಒಪ್ಪಿಕೊಳ್ಳಲಾಗಿದೆ. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗಿಗೆ ಸಿಹಿನೀರು ಬೇಕು, ತಾಜಾ ಮಾಂಸ ಬೇಕು, ರೋಗಿಗಳನ್ನು ಇಳಿಸಿ ಚೇತರಿಸಿಕೊಳ್ಳಲು ಬಿಡುವ ಜಾಗ ಬೇಕು. ಆದ್ದರಿಂದ ಪೋರ್ಚುಗೀಸರು ಅಲ್ಲಿ ವಸಾಹತನ್ನು ಕಟ್ಟದೆಯೇ ಆಡು, ಹಂದಿಗಳನ್ನು ಬಿಟ್ಟು, ಹಣ್ಣಿನ ಗಿಡಗಳನ್ನು ನೆಟ್ಟು ಹೋದರು. ‘ಮನುಷ್ಯ ವಸತಿ’ ಎಂದ ಕೂಡಲೇ ಮನೆಗಳನ್ನೂ ಬೀದಿಗಳನ್ನೂ ಊಹಿಸಿಕೊಳ್ಳುವವರು ಇದನ್ನು ಗಮನಿಸಬೇಕು. ದ್ವೀಪದ ಕಾಡಿಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಊರು ಹುಟ್ಟುವ ಒಂದು ಶತಮಾನಕ್ಕೂ ಮುಂಚಿನದು.

ಈ ದ್ವೀಪದ ಮೊದಲ ನಿವಾಸಿಯ ಕತೆ ಗೋವಾದ್ದೇ. ಫೆರ್ನಾವ್ ಲೊಪೆಸ್ ಎಂಬ ಪೋರ್ಚುಗೀಸ್ ಸೈನಿಕ ತನ್ನವರನ್ನು ಬಿಟ್ಟು ವಿಜಯಪುರದ ಆದಿಲ್‌ಶಾಹಿ ಸೇನಾನಿ ರಸೂಲ್ ಖಾನನ ಕಡೆ ಸೇರಿದ್ದ. ಇಂದು ಫೋಂಡಾದಿಂದ ಪಣಜಿಗೆ ಹೋಗುವ ಬಸ್ಸು ಹೊಳೆ ದಾಟುವ ಬಾಣಸ್ತಾರಿಯಲ್ಲಿದ್ದ ಕೋಟೆ 1512ರಲ್ಲಿ ಶರಣಾದಾಗ, ಪಕ್ಷಾಂತರ ಮಾಡಿದವರ ಪ್ರಾಣ ಉಳಿಸುವುದೆಂದು ಒಪ್ಪಂದವಾಯಿತು. ಗೋವಾದ ಪೋರ್ಚುಗೀಸ್ ಆಳ್ವಿಕೆಯ ಮುಖ್ಯಸ್ಥ ಅಲ್ಬುಕರ್ಕ್ ಪ್ರಾಣವನ್ನು ಮಾತ್ರ ಉಳಿಸಿ ಅವರ ಕಿವಿ, ಮೂಗು, ಬಲಗೈ, ಎಡಗೈಯ ಹೆಬ್ಬೆರಳುಗಳನ್ನು ಕತ್ತರಿಸಿದ. ಅಲ್ಬುಕರ್ಕ್ 1515ರಲ್ಲಿ ಸತ್ತ ಮೇಲೆ ಲೊಪೆಸ್ ಪೋರ್ಚುಗಲ್ಲಿಗೆ ಹೊರಟ ಹಡಗನ್ನು ಹತ್ತಿ, ನಡುವೆ ಸೇಂಟ್ ಹೆಲೆನಾದಲ್ಲಿ ಇಳಿದು ಅಲ್ಲಿಯೇ ಉಳಿದುಬಿಟ್ಟ. ನಡುವೆ ಒಮ್ಮೆ ಯುರೋಪಿಗೆ ಹೋಗಿ ಬಂದದ್ದನ್ನು ಬಿಟ್ಟರೆ, ಸುಮಾರು 1545ರಲ್ಲಿ ಸಾಯುವವರೆಗೂ ಅವನ ಬದುಕು ಆ ದ್ವೀಪದಲ್ಲೇ ಕಳೆಯಿತು. ಹಾದುಹೋಗುವ ಹಡಗುಗಳವರು ಕೊಟ್ಟ ಬೀಜ, ಸಸಿ, ಕೋಳಿ, ಪ್ರಾಣಿಗಳನ್ನು ಅವನು ಅಲ್ಲಿ ಬೆಳೆಸಿದ. ಬದುಕುಳಿಯಲು ಹೋರಾಡಿದ ಒಬ್ಬ ಮನುಷ್ಯನ ತೋಟ ಮತ್ತು ಸಾಕುಪ್ರಾಣಿಗಳೇ ದ್ವೀಪಕ್ಕೆ ಹೊರಗಿನ ಜೀವಿಗಳು ಬರುವ ಒಂದು ಬಾಗಿಲೂ ಆದವು. ಅವನನ್ನು ಅಪರಾಧಿಯನ್ನಾಗಿ ಮಾಡದೆ ಈ ಎರಡೂ ಮಾತುಗಳನ್ನು ಒಟ್ಟಿಗೆ ಹೇಳಲು ನಿಮಗೆ ಸಾಧ್ಯವಾಗಬೇಕು.

1588ರಲ್ಲಿ ಇಂಗ್ಲಿಷ್ ನಾವಿಕ ಥಾಮಸ್ ಕ್ಯಾವೆಂಡಿಶ್ ಅಲ್ಲಿಗೆ ಬಂದಾಗ ಆಡುಗಳು ಸಾವಿರಗಟ್ಟಲೆ ಇದ್ದವು, ಒಂದೊಂದು ಹಿಂಡು ಹೆಚ್ಚುಕಡಿಮೆ ಒಂದು ಮೈಲಿಯಷ್ಟು ಉದ್ದ ಹರಡಿಕೊಂಡಿರುತ್ತಿತ್ತು ಎಂಬ ವರ್ಣನೆ ಉಳಿದಿದೆ. ಆದರೂ ಆಗ ಕಾಡು ನಿಂತೇ ಇತ್ತು. ಕಾಲದ ಅಂತರ ಕಾಣಿಸುವುದು ಇಲ್ಲಿಯೇ. ಆಡು ದೊಡ್ಡ ಮರವನ್ನು ಬೀಳಿಸುವುದಿಲ್ಲ, ನೆಲದಿಂದ ಮೇಲೆದ್ದ ಸಸಿಯನ್ನು ತಿನ್ನುತ್ತದೆ. ಹಂದಿ ಬೇರನ್ನೂ ಬೀಜವನ್ನೂ ಕೆದಕುತ್ತದೆ. ದುಡಿಯುವ ವಯಸ್ಸಿನವರೆಲ್ಲ ಗುಳೆ ಹೋಗಿ ವಯಸ್ಸಾದವರಷ್ಟೇ ಉಳಿದ ನಮ್ಮ ಕಡೆಯ ಹಳ್ಳಿಗಳಂತೆ, ಆ ಕಾಡಿನಲ್ಲಿ ಹಳೆಯ ಮರಗಳು ಮಾತ್ರ ಉಳಿದವು. ದೂರದಿಂದ ನೋಡಿದವರಿಗೆ ಹಸಿರು ಹಾಗೆಯೇ ಕಾಣುತ್ತಿತ್ತು. ಆ ಮರಗಳು ಆಯುಸ್ಸು ಮುಗಿದು ಬೀಳತೊಡಗಿದಾಗ ಅವುಗಳ ಜಾಗಕ್ಕೆ ಬರಬೇಕಾದ ತಲೆಮಾರು ಇರಲಿಲ್ಲ.

1659ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ದ್ವೀಪವನ್ನು ವಶಕ್ಕೆ ತೆಗೆದುಕೊಂಡ ಮೇಲೆ ನಿಮ್ಮ ಮೂರನೆಯ ಅಂಕಣ ವೇಗವಾಗಿ ತುಂಬುತ್ತದೆ. ಉರುವಲಿಗಾಗಿ ಮರ ಕಡಿದರು, ಚರ್ಮ ಹದಮಾಡಲು ತೊಗಟೆ ಸುಲಿದು ಮರವನ್ನು ನಿಂತಲ್ಲೇ ಒಣಗಲು ಬಿಟ್ಟರು, ಸುಣ್ಣ ಸುಡಲು ಎಬೊನಿ ಮರವನ್ನು ಉರಿಸಿದರು. 1836ರಲ್ಲಿ ಅಲ್ಲಿಗೆ ಬಂದ ಚಾರ್ಲ್ಸ್ ಡಾರ್ವಿನ್ ತನ್ನ ಪ್ರವಾಸ ಕಥನದಲ್ಲಿ ಈ ಇಡೀ ಸರಣಿಯನ್ನು ವಿವರಿಸಿದ್ದಾನೆ: ‘ಮಹಾವನ’ ಎಂದು ಕರೆಯುತ್ತಿದ್ದ ಕಾಡಿನಲ್ಲಿ 1716ರಲ್ಲಿ ಇನ್ನೂ ಬಹಳಷ್ಟು ಮರಗಳಿದ್ದವು, 1724ರ ಹೊತ್ತಿಗೆ ಹಳೆಯ ಮರಗಳಲ್ಲಿ ಹೆಚ್ಚಿನವು ಬಿದ್ದುಹೋಗಿದ್ದವು, ಬೀಡಾಡಿ ಪ್ರಾಣಿಗಳನ್ನು ಕೊಲ್ಲಬೇಕೆಂಬ ಆಜ್ಞೆ ಹೊರಟದ್ದು 1731ರಲ್ಲಿ. ಆಡು ಇಳಿದದ್ದಕ್ಕೂ ಕಾಡು ಬಿದ್ದದ್ದಕ್ಕೂ ನಡುವೆ ಎರಡು ಶತಮಾನಗಳು! ನಿಮ್ಮ ಪಟ್ಟಿಯಲ್ಲಿ ಈ ಎರಡು ಸಾಲುಗಳನ್ನು ಕೆಂಪು ಗೆರೆಯಿಂದ ಜೋಡಿಸಿ.

ಇಲ್ಲೊಂದು ಎಚ್ಚರಿಕೆ ಬೇಕು. ಆಡುಗಳು ಬಂದದ್ದು 1502ರಲ್ಲಿ ಎಂದು ಡಾರ್ವಿನ್ ಬರೆದಿದ್ದರೆ, ಅನೇಕ ಬರಹಗಳು 1513 ಎನ್ನುತ್ತವೆ. ಇಂಥ ಕಡೆ ಒಂದನ್ನು ಆರಿಸಿ ಇನ್ನೊಂದನ್ನು ಮರೆಮಾಚಬೇಡಿ. ಎರಡನ್ನೂ ಬರೆದು, ಯಾರ ಮಾತು ಯಾವುದೆಂದು ಸೂಚಿಸಿ.

ಬಂಡೆಯ ಮೇಲೆ ಉಳಿದವರು

ಉಳಿದ ಗಿಡ ಎಲ್ಲಿ ಉಳಿದಿದೆ ಎಂಬುದೂ ಒಂದು ದಾಖಲೆಯೇ. ಸೇಂಟ್ ಹೆಲೆನಾದ ಕುಬ್ಜ ಎಬೊನಿ ನೂರಕ್ಕೂ ಹೆಚ್ಚು ವರ್ಷ ಅಳಿದುಹೋಗಿದೆ ಎಂದೇ ಎಲ್ಲರೂ ತಿಳಿದಿದ್ದರು. 1980ರಲ್ಲಿ ಕಡಿದಾದ ಬಂಡೆಯೊಂದರ ಮೇಲೆ ಅದರ ಎರಡು ಗಿಡಗಳು ಸಿಕ್ಕವು, ಅವುಗಳ ಟೊಂಗೆಗಳಿಂದ ಮತ್ತೆ ಸಾವಿರಾರು ಗಿಡಗಳನ್ನು ಬೆಳೆಸಲಾಯಿತು. ಇದನ್ನು ಓದಿ ‘ಈ ಗಿಡಕ್ಕೆ ಬಂಡೆಯೇ ಇಷ್ಟ’ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ, ಏಕೆಂದರೆ ಆಡಿನ ಬಾಯಿ ತಲುಪದ ಜಾಗ ಅದೊಂದೇ ಆಗಿತ್ತು. ಯಾವುದೇ ದ್ವೀಪದ ಬಗ್ಗೆ ಓದುವಾಗ ಅಪರೂಪದ ಗಿಡಗಳೆಲ್ಲ ಪ್ರಪಾತಗಳಲ್ಲಿ, ಅಪರೂಪದ ಹಕ್ಕಿಗಳೆಲ್ಲ ಪಕ್ಕದ ಪುಟ್ಟ ನಡುಗಡ್ಡೆಗಳಲ್ಲಿ ಮಾತ್ರ ಉಳಿದಿದ್ದರೆ, ಮೇಯುವ ಪ್ರಾಣಿ ಅಥವಾ ಇಲಿಯ ಗುರುತನ್ನು ಹುಡುಕಿ.

ಎಲ್ಲಕ್ಕೂ ಇಂಥ ಅದೃಷ್ಟವಿರಲಿಲ್ಲ. ಸೇಂಟ್ ಹೆಲೆನಾ ಆಲಿವ್ ಎಂಬ ಮರದ ಕಾಡಿನಲ್ಲಿದ್ದ ಕೊನೆಯ ಗಿಡ 1994ರಲ್ಲಿ, ಸಾಕಿ ಬೆಳೆಸಿದ ಕೊನೆಯ ಗಿಡ 2003ರಲ್ಲಿ ಸತ್ತಿತು. 16ನೇ ಶತಮಾನದಲ್ಲಿ ಆರಂಭವಾದ ಪ್ರಕ್ರಿಯೆಯೊಂದರ ಫಲವನ್ನು ನಮ್ಮ ಕಾಲದ ತೋಟಗಾರರು ಕಣ್ಣಾರೆ ಕಾಣಬೇಕಾಯಿತು. ಕೆಟ್ಟದ್ದೆಲ್ಲ ಹಳೆಯ ಕಾಲದ ನಾವಿಕರಿಂದಲೇ ಆಯಿತು ಎಂದು ತಿಳಿಯದಿರಲು, 20ನೇ ಶತಮಾನದ ಸಾಲುಗಳನ್ನೂ ಬಿಡದೆ ಬರೆಯಿರಿ. ನಾರಿಗಾಗಿ ನ್ಯೂಜಿಲೆಂಡಿನ ಫ್ಲ್ಯಾಕ್ಸ್ ಗಿಡವನ್ನು ತಂದು, ಮೋಡ ಕವಿಯುವ ಎತ್ತರದ ಕಾಡುಗಳ ಜಾಗದಲ್ಲಿ ದೊಡ್ಡ ಪ್ರಮಾಣದಲ್ಲಿ ನೆಟ್ಟರು. ಅಂಚೆ ಚೀಲ ಮತ್ತು ಹುರಿಗಾಗಿ ಅದನ್ನು ಕೊಳ್ಳುತ್ತಿದ್ದ ಬ್ರಿಟಿಷ್ ಅಂಚೆ ಇಲಾಖೆ ಕೃತಕ ನೂಲಿಗೆ ಬದಲಾದ ಮೇಲೆ 1966ರಲ್ಲಿ ಆ ಉದ್ಯಮ ನಿಂತುಹೋಯಿತು. ಉದ್ಯಮ ಹೋದರೂ ಗಿಡ ಬೆಟ್ಟದ ನೆತ್ತಿಯ ಮೇಲೆ ಹಾಗೆಯೇ ಉಳಿದುಕೊಂಡಿದೆ.

ಕಣ್ಣಿಗೆ ಬೀಳದ ಪ್ರಯಾಣಿಕರು

ಆಡನ್ನು ಬೇಕೆಂದೇ ತಂದರು. ಇಲಿ, ಹಾವು, ಸೊಳ್ಳೆಗಳನ್ನು ಯಾರೂ ತರಲಿಲ್ಲ, ಅವು ತಾವಾಗಿ ಸರಕಿನ ಜೊತೆ ಬಂದವು. ನಿಮ್ಮ ಮೊದಲ ಅಂಕಣವನ್ನು ‘ಬೇಕೆಂದು’ ಮತ್ತು ‘ಗೊತ್ತಿಲ್ಲದೆ’ ಎಂದು ಎರಡಾಗಿ ಸೀಳಿಕೊಳ್ಳಿ. 1826ರಲ್ಲಿ ಹಡಗಿನ ನೀರಿನ ಪೀಪಾಯಿಗಳ ಮೂಲಕ ಹವಾಯಿಗೆ ಸೊಳ್ಳೆ ಬಂತು. ಬಳಿಕ ಅದು ಹರಡಿದ ಹಕ್ಕಿಗಳ ಮಲೇರಿಯಾದಿಂದ ಅಲ್ಲಿಯ ಸಣ್ಣ ಬಣ್ಣದ ಹಕ್ಕಿಗಳು ಸೊಳ್ಳೆ ಬಾಳಲಾರದ ತಂಪಾದ ಎತ್ತರಕ್ಕೆ ಸೀಮಿತವಾಗುತ್ತ ಬಂದವು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಎರಡನೆಯ ಮಹಾಯುದ್ಧದ ಬಳಿಕ ಕಂದು ಮರಹಾವು ಬಂದು, 12 ಜಾತಿಯ ಮೂಲ ಕಾಡುಹಕ್ಕಿಗಳಲ್ಲಿ 10 ಜಾತಿಗಳು ಅಲ್ಲಿಂದ ಇಲ್ಲವಾದವು. ಮೊದಲು ಜನರು ಕೀಟನಾಶಕವನ್ನೂ ರೋಗವನ್ನೂ ಶಂಕಿಸಿದ್ದರು. ಹಾವೇ ಕಾರಣವೆಂದು 1980ರ ದಶಕದಲ್ಲಿ ಖಚಿತವಾಯಿತು. ಕಾರಣವೊಂದನ್ನು ಒಪ್ಪುವ ಮುಂಚೆ ಉಳಿದ ಕಾರಣಗಳನ್ನು ಹೇಗೆ ತಳ್ಳಿಹಾಕಿದರು ಎಂದು ಕೇಳಿಕೊಳ್ಳುವ ಪಾಠ ಇದರಲ್ಲಿದೆ.

ಇಲಿಯ ಕೇಡು ನೆಲದ ಮೇಲೆಯೇ ನಿಲ್ಲುವುದಿಲ್ಲ ಎಂಬುದನ್ನು ತೋರಿಸಲು ನಮ್ಮ ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ಸಾಲಿನ ದಕ್ಷಿಣ ತುದಿಯಲ್ಲಿರುವ ಚಾಗೋಸ್ ದ್ವೀಪಗಳು ಒಳ್ಳೆಯ ಉದಾಹರಣೆ. ಅಲ್ಲಿ ಕೆಲವು ನಡುಗಡ್ಡೆಗಳಲ್ಲಿ ಇಲಿಗಳಿವೆ, ಕೆಲವು ಕಡೆ ಎಂದೂ ಬಂದಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇಲಿಯಿಲ್ಲದ ನಡುಗಡ್ಡೆಗಳಲ್ಲಿ ಕಡಲಹಕ್ಕಿಗಳ ದಟ್ಟಣೆ 760 ಪಟ್ಟು ಹೆಚ್ಚು, ಅವುಗಳ ಹಿಕ್ಕೆಯಿಂದ ನೆಲಕ್ಕೆ ಸೇರುವ ಸಾರಜನಕ 251 ಪಟ್ಟು ಹೆಚ್ಚು. ಆ ಸಾರ ಮಳೆನೀರಿನೊಡನೆ ಹವಳದ ದಿಬ್ಬಕ್ಕೆ ಹರಿಯುವುದರಿಂದ ಅಲ್ಲಿ ಮೀನಿನ ಒಟ್ಟು ತೂಕವೂ 48 ಶೇಕಡಾ ಹೆಚ್ಚು. ಇಲಿ ಮೊಟ್ಟೆ ತಿಂದದ್ದರ ಪರಿಣಾಮ ಮೀನಿನವರೆಗೆ ಹೋಗಿ ಮುಟ್ಟಿತು. ನಿಮ್ಮ ಬರಹದಲ್ಲಿ ಇಂಥ ಒಂದು ಸರಪಳಿಯನ್ನಾದರೂ ಕೊಂಡಿ ಬಿಡದಂತೆ ವಿವರಿಸಿ.

ತೀರಾ ಅಚ್ಚುಕಟ್ಟಾದ ಕತೆಗಳ ಬಗ್ಗೆ

ಡೋಡೊದ ಹೊಟ್ಟೆಯಲ್ಲಿ ಹಾದುಹೋಗದೆ ಮಾರಿಷಸ್ಸಿನ ಟಂಬಲಕೋಕ್ ಮರದ ಬೀಜ ಮೊಳೆಯುವುದೇ ಇಲ್ಲ ಎಂಬ ವಾದವೊಂದು 1977ರಲ್ಲಿ ಬಂತು. ಕತೆ ಎಷ್ಟು ಚೆನ್ನಾಗಿತ್ತೆಂದರೆ ಪಠ್ಯಪುಸ್ತಕಗಳವರೆಗೂ ಹೋಯಿತು. ಆದರೆ ಬೀಜ ಹಕ್ಕಿಯ ನೆರವಿಲ್ಲದೆಯೂ ಮೊಳೆಯುತ್ತದೆ, ಡೋಡೊ ಅಳಿದ ಬಳಿಕ ಹುಟ್ಟಿದ ಮರಗಳೂ ಇವೆ ಎಂದು ಬೇರೆ ವಿಜ್ಞಾನಿಗಳು ತೋರಿಸಿದರು.

ರಾಪಾ ನುಯಿಯ ಕತೆ ಇದಕ್ಕಿಂತ ಗಂಭೀರ. ಸುಮಾರು 1200ರ ಹೊತ್ತಿಗೆ ಪಾಲಿನೇಷ್ಯನ್ನರು ಅಲ್ಲಿ ನೆಲೆಸಿದರು, ಕಾಲಾಂತರದಲ್ಲಿ ದ್ವೀಪದ ತಾಳೆಯ ಕಾಡು ಪೂರ್ತಿ ಹೋಯಿತು ಎಂಬಲ್ಲಿಗೆ ತಕರಾರಿಲ್ಲ. ಕಡಿತ ಮತ್ತು ಬೆಂಕಿಯ ಜೊತೆ, ಅವರ ದೋಣಿಗಳಲ್ಲಿ ಬಂದ ಇಲಿಗಳು ತಾಳೆಯ ಬೀಜ ತಿಂದದ್ದರ ಪಾಲೆಷ್ಟು ಎಂಬ ಚರ್ಚೆ ನಡೆದಿದೆ. ಅಲ್ಲಿಯ ಜನ ಕಾಡು ಕಡಿದು ತಮ್ಮನ್ನು ತಾವೇ ನಾಶಮಾಡಿಕೊಂಡರು ಎಂಬ ಪ್ರಸಿದ್ಧ ಮಾತನ್ನು ಮಾತ್ರ ಇಂದು ಪ್ರಶ್ನಿಸದೆ ಬರೆಯಬಾರದು. ಕಲ್ಲು ಹರಡಿ ತೇವ ಕಾಯುವ ತೋಟಗಳನ್ನು ಮಾಡಿಕೊಂಡು ಅವರು ಬದುಕನ್ನು ಮುಂದುವರಿಸಿದ್ದರು, 2024ರ ಪ್ರಾಚೀನ ಡಿಎನ್‌ಎ ಅಧ್ಯಯನಕ್ಕೆ 17ನೇ ಶತಮಾನದಲ್ಲಿ ಜನಸಂಖ್ಯೆ ಕುಸಿದ ಗುರುತು ಸಿಗಲಿಲ್ಲ. ಕುಸಿತ ಬಂದದ್ದು ಆಮೇಲೆ: 1862ರಿಂದ ಪೆರುವಿನ ಗುಲಾಮ ವ್ಯಾಪಾರಿಗಳು ಜನರನ್ನು ಹಿಡಿದೊಯ್ದು, ಹಿಂದಿರುಗಿದ ಕೆಲವರೊಡನೆ ಸಿಡುಬು ಬಂದು, 1877ರಲ್ಲಿ ಉಳಿದವರು ಕೇವಲ 111 ಮಂದಿ. ಬಲಿಯಾದವರ ಮೇಲೆಯೇ ತಪ್ಪನ್ನು ಹೊರಿಸುವ ಬರಹ ಪರಿಸರದ ಹೆಸರಿನಲ್ಲಿ ಬಂದರೂ ಅನ್ಯಾಯವೇ.

ಮಾರಿಷಸ್ಸಿನ ಬಗ್ಗೆ ಬರೆಯುವಾಗಲೂ ಈ ವಿವೇಚನೆ ಬೇಕು. ಡಚ್ಚರು 1598ರಲ್ಲಿ ಬಂದು 1638ರಲ್ಲಿ ನೆಲೆಸಿದರು, ಡೋಡೊವನ್ನು ಕೊನೆಯದಾಗಿ ಕಂಡದ್ದು 1662ರಲ್ಲಿ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಕಾಡಿನ ದೊಡ್ಡ ಪಾಲು ಹೋದದ್ದು ಆನಂತರದ ಕಬ್ಬಿನ ತೋಟಗಳಿಂದ. ಆ ತೋಟಗಳಲ್ಲಿ ದುಡಿದವರು ಮೊದಲು ಆಫ್ರಿಕಾದಿಂದ ತಂದ ಗುಲಾಮರು, 1834ರಿಂದ ಮುಂದೆ ಮುಂಬಯಿ, ಮದ್ರಾಸ್, ಕಲ್ಕತ್ತಾ ಬಂದರುಗಳಿಂದ ಹೋದ ಭಾರತದ ಕರಾರು ಕೂಲಿಗಳು. ಕೊಡಲಿ ಹಿಡಿದ ಕೈ ಯಾರದು, ಕಡಿಯಲು ಹೇಳಿದವರು ಯಾರು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ.

ರಿಪೇರಿಯ ಪುಟ

ನಾಶದ ಜೊತೆ ದುರಸ್ತಿಯ ಪ್ರಯತ್ನಗಳಿಗೂ ಒಂದು ಪುಟ ಕೊಡಿ, ಅದರಲ್ಲಿ ಸೋಲುಗಳೂ ಇರಲಿ. ಮಾರಿಷಸ್ಸಿನ ಕೆಸ್ಟ್ರೆಲ್ ಎಂಬ ಸಣ್ಣ ಗಿಡುಗ 1974ರಲ್ಲಿ ಕಾಡಿನಲ್ಲಿ ನಾಲ್ಕಕ್ಕೆ ಇಳಿದು, ಸಾಕಿ ಬೆಳೆಸಿ ಬಿಡುವ ಪ್ರಯತ್ನದಿಂದ ನೂರಾರಕ್ಕೆ ಏರಿತು. ಹತ್ತಿರದ ರೌಂಡ್ ಐಲೆಂಡಿನಿಂದ 1979ರ ಹೊತ್ತಿಗೆ ಆಡುಗಳನ್ನೂ 1986ರಲ್ಲಿ ಮೊಲಗಳನ್ನೂ ತೆಗೆದು, ಅಳಿದ ದೈತ್ಯ ಆಮೆಗಳ ಜಾಗಕ್ಕೆ 2007ರಿಂದ ಹಿಂದೂ ಮಹಾಸಾಗರದ ಇನ್ನೊಂದು ದ್ವೀಪವಾದ ಆಲ್ಡಾಬ್ರಾದ ಆಮೆಗಳನ್ನು ಬಿಟ್ಟರು. ಐಲ್ ಓ ಎಗ್ರೆತ್ ಎಂಬ ನಡುಗಡ್ಡೆಯಲ್ಲಿ ಈ ಆಮೆಗಳು ಎಬೊನಿಯ ಹಣ್ಣು ತಿಂದು ಬೀಜ ಹರಡುತ್ತಿವೆ. ಆಸ್ಟ್ರೇಲಿಯಾದ ಮಕ್ವಾರಿ ದ್ವೀಪದಲ್ಲಿ ಮಾತ್ರ 2000ದ ಹೊತ್ತಿಗೆ ಬೆಕ್ಕುಗಳನ್ನು ತೆಗೆದ ಮೇಲೆ ಮೊಲಗಳು ವಿಪರೀತ ಹೆಚ್ಚಿ ಇಳಿಜಾರುಗಳನ್ನು ಬೋಳುಮಾಡಿದವು. ಆಮೇಲೆ ಮೊಲ ಮತ್ತು ಇಲಿಗಳನ್ನೆಲ್ಲ ಒಟ್ಟಿಗೆ ತೆಗೆಯಬೇಕಾಗಿ, 2014ರಲ್ಲಿ ಆ ಕೆಲಸ ಮುಗಿಯಿತು. ಯಾವುದನ್ನು ಮೊದಲು ತೆಗೆಯಬೇಕೆಂಬ ಕ್ರಮ ತಪ್ಪಿದರೆ ದುರಸ್ತಿಯೂ ಕೆಡುಕಾಗುತ್ತದೆ.

ಅಸೆನ್ಷನ್ ಇದೆಲ್ಲಕ್ಕಿಂತ ಭಿನ್ನವಾದ ಪ್ರಶ್ನೆಯನ್ನು ಕೇಳುತ್ತದೆ. ಗೋವಾವನ್ನು ಗೆದ್ದ ಅಲ್ಬುಕರ್ಕ್‌ನೇ 1503ರಲ್ಲಿ ಹೆಸರಿಟ್ಟ ಈ ದ್ವೀಪ ಬಹುಪಾಲು ಬೋಳು ಲಾವಾ ನೆಲವಾಗಿತ್ತು. 1843ರಲ್ಲಿ ಬಂದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ನೀಡಿದ ಸಲಹೆಯಂತೆ ಲಂಡನ್ನಿನ ಕ್ಯೂ ಉದ್ಯಾನದ ನೆರವಿನಿಂದ ನೂರಾರು ಜಾತಿಯ ಗಿಡಗಳನ್ನು ನೆಟ್ಟರು, ಇಂದು ಗ್ರೀನ್ ಮೌಂಟನ್ನಿನ ಮೇಲೆ ಮೋಡ ಹಿಡಿಯುವ ಕಾಡಿದೆ. ಅದೇ ದ್ವೀಪದ ತಗ್ಗಿನಲ್ಲಿ, ನಮ್ಮ ರಾಯಚೂರು, ಬಳ್ಳಾರಿಗಳ ರೈತರು ಚೆನ್ನಾಗಿ ಬಲ್ಲ ಬಳ್ಳಾರಿ ಜಾಲಿ ನುಗ್ಗಿ ಹಬ್ಬಿದೆ. ಮನುಷ್ಯ ಕಟ್ಟಿದ ಈ ಕಾಡನ್ನು ಕಾಪಾಡಬೇಕೆ, ಅದರಿಂದ ಮರೆಯಾಗುತ್ತಿರುವ ಮೂಲ ಜರಿಗಿಡಗಳಿಗಾಗಿ ತೆರವು ಮಾಡಬೇಕೆ? ನನ್ನ ಒಲವು ಜರಿಗಿಡಗಳ ಕಡೆಗಿದೆ, ಏಕೆಂದರೆ ಯೂಕಲಿಪ್ಟಸ್ಸೂ ಬಿದಿರೂ ಬೇರೆಡೆ ಸಿಗುತ್ತವೆ, ಆ ಜರಿಗಳು ಸಿಗುವುದಿಲ್ಲ. ನಿಮ್ಮ ತೀರ್ಮಾನ ಬೇರೆಯಾಗಿದ್ದರೆ ಕಾರಣ ಕೊಟ್ಟು ಬರೆಯಿರಿ.

ಗೋವಾದಲ್ಲಿ ಮಾಡಬಹುದಾದ ಅಭ್ಯಾಸ

ಓದಿಗೆ ಪಣಜಿಯ ಪಾಟ್ಟೊದಲ್ಲಿರುವ ಕೃಷ್ಣದಾಸ್ ಶಾಮಾ ಕೇಂದ್ರ ಗ್ರಂಥಾಲಯದಿಂದ ಆರಂಭಿಸಿ. 1832ರಲ್ಲಿ ಹುಟ್ಟಿದ ಈ ಗ್ರಂಥಾಲಯದಲ್ಲಿ ಪೋರ್ಚುಗೀಸ್ ಕಾಲದ ಚರಿತ್ರೆಗೆ ಸಂಬಂಧಿಸಿದ ಪುಸ್ತಕಗಳಿವೆ. ಸೇಂಟ್ ಹೆಲೆನಾದ ಆಡಳಿತ ದಾಖಲೆಗಳಿಂದ ಆಯ್ದ ಭಾಗಗಳು 1885ರಲ್ಲಿ ಪುಸ್ತಕವಾಗಿ ಅಚ್ಚಾಗಿದ್ದು, ಇಂಥ ಹಳೆಯ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಮತ್ತು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಗಳಲ್ಲಿ ಉಚಿತವಾಗಿ ಸಿಗುತ್ತವೆ. ಜೀವಿಯೊಂದರ ಇಂದಿನ ಸ್ಥಿತಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ, ಎಂದರೆ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ, ನೋಡಿ.

ಕಣ್ಣಿನ ಅಭ್ಯಾಸಕ್ಕಾಗಿ ರಿಬಂದರಿನಿಂದ ಫೆರಿಯಲ್ಲಿ ಚೊರಾಂವ್ ಅಥವಾ ದಿವಾರ್ ದ್ವೀಪಕ್ಕೆ ಹೋಗಿ, ದಾರಿಯ ಪಕ್ಕದ ಇಪ್ಪತ್ತು ಗಿಡಗಳನ್ನು ಬರೆದುಕೊಂಡು ಪ್ರತಿಯೊಂದರ ತವರನ್ನು ಹುಡುಕಿ. ಗೇರು ಪೋರ್ಚುಗೀಸರ ಮೂಲಕ ಬ್ರೆಜಿಲ್ಲಿನಿಂದ ಬಂದದ್ದು, ಪಪ್ಪಾಯಿ, ಪೇರಲ, ಮೆಣಸಿನಕಾಯಿ, ಮಳೆಮರ, ಲಂಟಾನ ಅಮೆರಿಕದವು, ಗುಲ್‌ಮೊಹರ್ ಮಡಗಾಸ್ಕರಿನದು, ಅಕೇಶಿಯಾ ಆಸ್ಟ್ರೇಲಿಯಾ ಕಡೆಯದು. ಇವುಗಳಲ್ಲಿ ನೆಟ್ಟಲ್ಲೇ ಉಳಿಯುವವು ಯಾವುವು, ತಾವಾಗಿ ಹಬ್ಬುವವು ಯಾವುವು ಎಂದು ವಿಂಗಡಿಸಿ, ಏಕೆಂದರೆ ಹೊರಗಿನದೆಲ್ಲ ಕೇಡಲ್ಲ. ಮೆಣಸಿನಕಾಯಿ ಕಾಡನ್ನು ನುಂಗಿಲ್ಲ, ಲಂಟಾನ ನುಂಗಿದೆ. ಕಾಂಡ್ಲಾ ಕಾಡನ್ನು ಒಡ್ಡು ಕಟ್ಟಿ ಗದ್ದೆ ಮಾಡಿದ ಖಜಾನ್ ಭೂಮಿಯನ್ನೂ ನೋಡಿ. ಕುಮಟಾ ಕಡೆಯವರಿಗೆ ಅಘನಾಶಿನಿಯ ಗಜನಿ ಗದ್ದೆಗಳು ನೆನಪಾಗುತ್ತವೆ. ಆದರೆ ಇವು ನದಿಯ ನಡುವಿನ ದ್ವೀಪಗಳು. ದಿವಾರದಲ್ಲಿ ಗೋವಾ ಕದಂಬರ ಸಪ್ತಕೋಟೇಶ್ವರನ ಗುಡಿ ಇದ್ದ ಕಾಲಕ್ಕೂ ಮುಂಚಿನಿಂದ ಜನರಿದ್ದಾರೆ, ಇಲಿಯೂ ಹಾವೂ ಇಲ್ಲಿಗೆ ಹೊಸತಲ್ಲ. ಆದ್ದರಿಂದ ಇಲ್ಲಿ ಕಂಡದ್ದನ್ನು ಸೇಂಟ್ ಹೆಲೆನಾಕ್ಕೆ ನೇರವಾಗಿ ಅನ್ವಯಿಸಬೇಡಿ; ಗಿಡದ ತವರನ್ನು ಕೇಳುವ ಅಭ್ಯಾಸವನ್ನು ಮಾತ್ರ ಇಲ್ಲಿಂದ ಒಯ್ಯಿರಿ.

ಸಮುದ್ರದ ದ್ವೀಪಗಳು ನಮ್ಮ ಹತ್ತಿರವೂ ಇವೆ. ಗೋವಾದ ಉತ್ತರಕ್ಕೆ ವೆಂಗುರ್ಲಾ ಬಂಡೆಗಳ ಗುಹೆಗಳಲ್ಲಿ ಜೊಲ್ಲಿನಿಂದ ಗೂಡು ಕಟ್ಟುವ ಬಾನಾಡಿಗಳಿವೆ, ಆ ಗೂಡುಗಳನ್ನು ಕದ್ದು ಮಾರುವ ದಂಧೆಯಿಂದ ಅವು ಕಷ್ಟಪಟ್ಟಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗಾಗಿ ನಮ್ಮ ಮಕ್ಕಳು ಹೋಗುತ್ತಾರೆ, ಬಿಳಿಹೊಟ್ಟೆಯ ಕಡಲಹದ್ದುಗಳಿಗೆ ಅದು ನೆಲೆ. ಇಂಥ ಕಡೆ ದೋಣಿಯಲ್ಲಿ ಹೋಗುವಾಗ ಹೊರಡುವ ಮುಂಚೆಯೇ ಬೂಟಿನ ಅಡಿ, ಚೀಲದ ಹೊಲಿಗೆ, ಕಾಲುಚೀಲಗಳಲ್ಲಿ ಸಿಕ್ಕಿಕೊಂಡ ಬೀಜ, ಮಣ್ಣುಗಳನ್ನು ಕೊಡವಿ ತೆಗೆಯಿರಿ. ಊಟದ ಡಬ್ಬಿಯನ್ನು ಮುಚ್ಚಿಡಿ, ತಿಂದ ಹಣ್ಣಿನ ಬೀಜವನ್ನು ಮರಳಿ ತನ್ನಿ, ದೋಣಿಯ ಹಗ್ಗದ ಸುರುಳಿ ಮತ್ತು ಸರಕಿನ ಪೆಟ್ಟಿಗೆಗಳಲ್ಲಿ ಇಲಿ ಅಡಗಿಲ್ಲವೆಂದು ದೋಣಿಯವರೊಡನೆ ಕೂಡಿ ನೋಡಿ. ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ದಡಕ್ಕೆ ಇಳಿಯದೆ ದೋಣಿಯಿಂದಲೇ ನೋಡಿ ಬನ್ನಿ.